ಮಣ್ಣು ಮುಟ್ಟಿದ ಮನ: ನ್ಯೂಯಾರ್ಕಿನ ಓಣಿ ತೋಟಗಳು

ನ್ಯೂಯಾರ್ಕ್ ಎಂದೊಡನೆ ಮುಗಿಲೆತ್ತರದ ಕಟ್ಟಡಗಳು, ನೆಲದಡಿಯಲ್ಲಿ ಓಡುವ ರೈಲುಗಳು, ರಾತ್ರಿ ಹಗಲೆನ್ನದೆ ಬೆಳಗುವ ಬೀದಿಗಳು ನಮ್ಮ ಕಣ್ಣ ಮುಂದೆ ಬರುವುದು ಸಹಜ. ಅಲ್ಲಿಗೆ ಹೋಗುವ ನಮ್ಮವರು ಸ್ವಾತಂತ್ರ್ಯ ದೇವತೆಯ ಪ್ರತಿಮೆಯನ್ನೂ ಎಂಪೈರ್ ಸ್ಟೇಟ್ ಕಟ್ಟಡವನ್ನೂ ನೋಡಿ, ಛಾಯಾಚಿತ್ರ ತೆಗೆಸಿಕೊಂಡು ಮರಳುತ್ತಾರೆ. ಆದರೆ ಆ ಮಹಾನಗರದ ಓಣಿಗಳಲ್ಲಿ ಇನ್ನೊಂದು ನೋಟವಿದೆ. ಎರಡು ಕಟ್ಟಡಗಳ ನಡುವಿನ ಇಕ್ಕಟ್ಟಿನ ಜಾಗದಲ್ಲಿ ಟೊಮ್ಯಾಟೊ, ಹುರುಳಿಕಾಯಿ, ಮೆಣಸಿನಗಿಡಗಳು ಬೆಳೆದು ನಿಂತಿರುತ್ತವೆ. ಪಕ್ಕದಲ್ಲೊಂದು ದ್ರಾಕ್ಷಿ ಚಪ್ಪರ, ಅದರ ಕೆಳಗೆ ಹಳೆಯ ಬೆಂಚಿನ ಮೇಲೆ ಇಬ್ಬರು ಮುದುಕರು. ಇಂಥ ತೋಟಗಳು ಆ ನಗರದಲ್ಲಿ ಐನೂರಕ್ಕೂ ಹೆಚ್ಚಿವೆ. ಇವುಗಳಲ್ಲಿ ಬಹುಪಾಲು ತೋಟಗಳು ಸರ್ಕಾರವು ಗುತ್ತಿಗೆದಾರರಿಂದ ಮಾಡಿಸಿದ ಉದ್ಯಾನಗಳಲ್ಲ. ಓಣಿಯ ಜನರೇ ಕೂಡಿ, ಕಸ ಹೊತ್ತು, ಮಣ್ಣು ತುಂಬಿ ಎಬ್ಬಿಸಿದ ತೋಟಗಳು.

ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಇವುಗಳಲ್ಲಿ ಕೆಲವನ್ನು ನೋಡುವ ಅವಕಾಶ ನಮಗೆ ದೊರೆಯಿತು. ನೋಡಿದ ಮೇಲೆ ಮನಸ್ಸಿನಲ್ಲಿ ಉಳಿದ ಪ್ರಶ್ನೆ ಒಂದೇ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ನಾಲ್ಕು ಟೊಮ್ಯಾಟೊಗಳಿಗಾಗಿ ಜನ ಇಷ್ಟು ಶ್ರಮಪಡುವುದೇಕೆ? ಅವರು ಅಲ್ಲಿ ಬೆಳೆಯುತ್ತಿರುವುದು ಕಾಯಿಪಲ್ಲೆಯನ್ನು ಮಾತ್ರವೇ ಅಲ್ಲ ಎಂಬುದು ಬರಬರುತ್ತಾ ತಿಳಿಯಿತು.

ಪಾಳು ನಿವೇಶನದಿಂದ ತೋಟಕ್ಕೆ

ಈ ತೋಟಗಳ ಕಥೆ ಆರಂಭವಾಗುವುದು ದುಃಖದ ದಿನಗಳಲ್ಲಿ. 1970ರ ದಶಕದಲ್ಲಿ ನ್ಯೂಯಾರ್ಕ್ ನಗರದ ಬೊಕ್ಕಸ ಬರಿದಾಗಿತ್ತು. 1975ರಲ್ಲಿ ನಗರವೇ ದಿವಾಳಿಯ ಅಂಚಿಗೆ ಬಂದು ನಿಂತಿತ್ತು. ಬಡವರಿದ್ದ ಓಣಿಗಳಲ್ಲಿ ಮನೆಮಾಲೀಕರು ಕಟ್ಟಡಗಳನ್ನು ರಿಪೇರಿ ಮಾಡಿಸದೆ, ತೆರಿಗೆ ಕಟ್ಟದೆ ಕೈಬಿಟ್ಟು ಹೋದರು. ಎಷ್ಟೋ ಕಟ್ಟಡಗಳು ಬೆಂಕಿಗೆ ಆಹುತಿಯಾದವು. ಉಳಿದ ಗೋಡೆಗಳನ್ನು ನಗರಾಡಳಿತ ಕೆಡವಿತು. ಹೀಗೆ ಸಾವಿರಾರು ನಿವೇಶನಗಳು ಇಟ್ಟಿಗೆಯ ರಾಶಿ, ಒಡೆದ ಗಾಜು, ಇಲಿ ಹೆಗ್ಗಣಗಳ ಬೀಡಾದವು. ಕಳ್ಳತನ, ಮಾದಕ ವಸ್ತುಗಳ ಮಾರಾಟ ಅಲ್ಲಿ ನೆಲೆಯೂರಿದವು. ದಿನ ಬೆಳಗಾದರೆ ಕಿಟಕಿಯಿಂದ ಆ ಹಾಳನ್ನೇ ನೋಡುತ್ತ ಬದುಕುವವರ ಮನಸ್ಸು ಹೇಗಿದ್ದೀತು? ತಮ್ಮನ್ನು ಕೇಳುವವರೇ ಇಲ್ಲವೆಂಬ ಭಾವನೆ ಒಳಗೊಳಗೇ ಬೇರೂರುತ್ತಿತ್ತು.

ಆ ಕಾಲದಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಮತ್ತು ಆಕೆಯ ಗೆಳೆಯರು ‘ಗ್ರೀನ್ ಗೆರಿಲ್ಲಾಸ್’ ಎಂಬ ಬಳಗ ಕಟ್ಟಿಕೊಂಡರು. ಅವರ ಮೊದಲ ಕೆಲಸವನ್ನು ಕೇಳಿದರೆ ನಮಗೆ ನಗು ಬಂದೀತು. ಬೀಜ, ಗೊಬ್ಬರ, ನೀರನ್ನು ಬಲೂನಿನಂಥವುಗಳಲ್ಲಿ ತುಂಬಿ, ಬೇಲಿ ಹಾಕಿದ ಪಾಳು ನಿವೇಶನಗಳೊಳಗೆ ಎಸೆಯುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ನಮ್ಮ ಶಾಲಾ ಮಕ್ಕಳು ಬೋಳು ಗುಡ್ಡಗಳಲ್ಲಿ ಬೀಜದುಂಡೆ ಎಸೆಯುತ್ತಾರಲ್ಲ, ಅದೇ ಬಗೆಯ ಕೆಲಸ. 1973ರಲ್ಲಿ ಅವರು ಬೋವರಿ ಮತ್ತು ಹ್ಯೂಸ್ಟನ್ ಬೀದಿಗಳು ಕೂಡುವಲ್ಲಿದ್ದ ಒಂದು ಪಾಳು ನಿವೇಶನಕ್ಕೆ ಕೈಹಾಕಿದರು. ಕಸ ಹೊತ್ತು ಹಾಕಿದರು, ಹೊಸ ಮಣ್ಣು ತಂದು ತುಂಬಿದರು, ಬೇಲಿ ಕಟ್ಟಿದರು. 1974ರ ಏಪ್ರಿಲ್‌ನಲ್ಲಿ ನಗರಾಡಳಿತವು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಆ ನೆಲವನ್ನು ಅವರಿಗೆ ಕೊಟ್ಟಿತು. ಅಲ್ಲಿ ತರಕಾರಿಗಾಗಿ 60 ಏರುಮಡಿಗಳು ಸಿದ್ಧವಾದವು. ಸುತ್ತಲಿನ ಓಣಿಗಳವರು ಬಂದು ನೋಡಿದರು, ಕೇಳಿದರು, ಕಲಿತರು. ತಮ್ಮ ತಮ್ಮ ಓಣಿಯ ಪಾಳು ನಿವೇಶನಗಳತ್ತ ತಿರುಗಿದರು. 1978ರಲ್ಲಿ ನಗರಾಡಳಿತವೇ ‘ಗ್ರೀನ್ ಥಂಬ್’ ಎಂಬ ಯೋಜನೆಯನ್ನು ಆರಂಭಿಸಿ ಇಂಥ ತೋಟಗಳಿಗೆ ನೆರವಾಗತೊಡಗಿತು. ಲಿಜ್ ಕ್ರಿಸ್ಟಿಯವರು 1985ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ಆ ಮೊದಲ ತೋಟಕ್ಕೆ ಅವರ ಹೆಸರನ್ನೇ ಇಡಲಾಯಿತು.

ಬಾಗಿಲ ಒಳಗೆ

ನೆಲದಡಿಯ ರೈಲಿನಲ್ಲಿ ಸೆಕೆಂಡ್ ಅವೆನ್ಯೂ ನಿಲ್ದಾಣದಲ್ಲಿ ಇಳಿದು ಮೆಟ್ಟಿಲು ಹತ್ತಿದರೆ ಹ್ಯೂಸ್ಟನ್ ಬೀದಿ. ವಾಹನಗಳ ಗದ್ದಲ ಕಿವಿಗೆ ಅಪ್ಪಳಿಸುತ್ತದೆ. ಆ ಬೀದಿಗೆ ಉದ್ದಕ್ಕೂ ಅಂಟಿಕೊಂಡಂತೆ ಲಿಜ್ ಕ್ರಿಸ್ಟಿ ತೋಟವಿದೆ. ಕಬ್ಬಿಣದ ಬಾಗಿಲು ದಾಟಿ ಹತ್ತು ಹೆಜ್ಜೆ ಇಟ್ಟರೆ ಗದ್ದಲ ಪೂರ್ತಿ ನಿಲ್ಲದಿದ್ದರೂ ದೂರ ಸರಿದಂತಾಗುತ್ತದೆ. ಸಣ್ಣ ಕೊಳ, ಅದರಲ್ಲಿ ಮೀನು ಮತ್ತು ಆಮೆಗಳು, ಜೇನುಗೂಡು, ದ್ರಾಕ್ಷಿ ಚಪ್ಪರ, ಎಲ್ಲಕ್ಕೂ ಮೇಲೆ ಎತ್ತರಕ್ಕೆ ಬೆಳೆದ ಡಾನ್ ರೆಡ್‌ವುಡ್ ಮರ. ಕಲ್ಲು ಇಟ್ಟಿಗೆಯ ರಾಶಿಯಿದ್ದ ನೆಲ ಇದೇ ಎಂದರೆ ನಂಬುವುದು ಕಷ್ಟ.

ಹಳೆಯ ಕಟ್ಟಡಗಳ ಬಣ್ಣದಲ್ಲಿದ್ದ ಸೀಸ ನಗರದ ಮಣ್ಣಿನಲ್ಲಿ ಸೇರಿರುವುದರಿಂದ ಇಂಥ ತೋಟಗಳಲ್ಲಿ ತರಕಾರಿಯನ್ನು ನೇರವಾಗಿ ನೆಲದಲ್ಲಿ ಬೆಳೆಯುವುದಿಲ್ಲ. ಹಲಗೆ ಕಟ್ಟಿ, ಶುದ್ಧ ಮಣ್ಣು ತುಂಬಿದ ಏರುಮಡಿಗಳಲ್ಲಿ ಬೆಳೆಯುತ್ತಾರೆ. ಇದರಿಂದ ಇನ್ನೊಂದು ಉಪಕಾರವೂ ಆಗಿದೆ. ಮಡಿ ಎತ್ತರವಾಗಿರುವುದರಿಂದ ಮೊಣಕಾಲು ನೋವಿನ ವೃದ್ಧರೂ ನೆಲಕ್ಕೆ ಬಾಗದೆ ಕಳೆ ಕೀಳಬಹುದು. ಸಾಮಾನ್ಯವಾಗಿ ಸದಸ್ಯರಿಗೆ ಒಂದೊಂದು ಮಡಿ. ಕೊಳ, ದಾರಿ, ಗೊಬ್ಬರದ ಗುಂಡಿ, ಹೂಗಿಡಗಳು ಎಲ್ಲರವು. ಬಾಗಿಲ ಕೀಲಿಕೈ, ನೀರು ಹಾಯಿಸುವ ಸರದಿ, ಗೊಬ್ಬರ ತಿರುವಿ ಹಾಕುವ ಸರದಿ ಹಂಚಿಕೆಯಾಗಿರುತ್ತವೆ. ಗ್ರೀನ್ ಥಂಬ್ ಯೋಜನೆಯ ತೋಟಗಳಿಗೆ ಒಂದು ನಿಯಮವಿದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೆ ಕನಿಷ್ಠ 20 ಗಂಟೆ ಬಾಗಿಲು ಸಾರ್ವಜನಿಕರಿಗೆ ತೆರೆದಿರಬೇಕು. ಆಗ ಯಾರೂ ಒಳಬರಬಹುದು. ಏಕೆ ಬಂದಿರಿ ಎಂದು ಕೇಳುವವರಿಲ್ಲ.

ಮನಸ್ಸು ನೊಂದವರಿಗೆ ಈ ಬಾಗಿಲಿನ ಬೆಲೆ ತಿಳಿದಿರುತ್ತದೆ. ಪತಿಯನ್ನು ಕಳೆದುಕೊಂಡವರು, ನೌಕರಿಯಿಂದ ನಿವೃತ್ತರಾದವರು, ದೂರದ ದೇಶದಿಂದ ಬಂದು ಭಾಷೆ ಬಾರದವರು ನಾಲ್ಕು ಜನರ ನಡುವೆ ಹೋಗಬೇಕೆಂದರೂ ಅಳುಕುತ್ತಾರೆ. ಹೋದರೆ ಏನು ಮಾತನಾಡುವುದು ಎಂಬ ಸಂಕೋಚ. ತೋಟದಲ್ಲಿ ಆ ಸಂಕೋಚವಿಲ್ಲ. ಕೈಗೆ ಕೆಲಸವಿದ್ದಾಗ ಬಾಯಿಗೆ ಮಾತು ಬೇಕೆಂದೇನೂ ಇಲ್ಲ. ಪಕ್ಕದ ಮಡಿಯವರು ಸಸಿಯೊಂದನ್ನು ತೋರಿಸಿ ಇದಕ್ಕೇನಾಗಿದೆ ಎಂದು ಕೇಳಿದರೆ ಅಲ್ಲಿಂದ ಮಾತು ತಾನಾಗಿ ಹೊರಡುತ್ತದೆ. ತಮ್ಮ ದುಃಖವನ್ನು ಹೇಳಿಕೊಳ್ಳಲೇಬೇಕೆಂಬ ಒತ್ತಾಯವಿಲ್ಲ. ಹೇಳಿಕೊಂಡರೆ ಕೇಳುವ ಕಿವಿಗಳುಂಟು. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ನಾಳೆ ತಾನು ಹೋಗದಿದ್ದರೆ ಸಸಿ ಬಾಡುತ್ತದೆ, ತನ್ನ ಸರದಿಯ ನೀರು ತಪ್ಪುತ್ತದೆ ಎಂಬ ಹೊಣೆ. ಯಾರಿಗೂ ತಾನು ಬೇಡವಾದೆ ಎಂದು ಕೊರಗುವ ಜೀವಕ್ಕೆ ಈ ಹೊಣೆಯೇ ಆಧಾರ.

ತೋಟಗಳೆಂದರೆ ಸ್ವರ್ಗವೆಂದು ಹೇಳುವಂತೆಯೂ ಇಲ್ಲ. ನೀರಿನ ಸರದಿಗಾಗಿ ವಾದಗಳಾಗುತ್ತವೆ, ಹಣ್ಣಾದ ಟೊಮ್ಯಾಟೊ ರಾತ್ರಿ ಕಳುವಾಗುತ್ತದೆ, ಹೂವು ಹೆಚ್ಚಿರಬೇಕೋ ತರಕಾರಿ ಹೆಚ್ಚಿರಬೇಕೋ ಎಂಬ ಚರ್ಚೆ ಮುಗಿಯುವುದಿಲ್ಲ. ನಾಲ್ಕು ಜನ ಕೂಡಿದಲ್ಲಿ ಇವೆಲ್ಲ ಇದ್ದದ್ದೇ. ಸಭೆ ಸೇರಿ, ಮಾತನಾಡಿ ಬಗೆಹರಿಸಿಕೊಳ್ಳುತ್ತಾರೆ. ಒಬ್ಬರೇ ಕುಳಿತು ಕೊರಗುವುದಕ್ಕಿಂತ ಜೊತೆಗಾರರೊಡನೆ ಜಗಳವಾಡಿ ರಾಜಿಯಾಗುವುದು ಆರೋಗ್ಯಕರವಲ್ಲವೇ?

ತವರಿನ ನೆನಪಿಗೊಂದು ಮನೆ

ನಗರದ ಉತ್ತರ ಭಾಗದಲ್ಲಿರುವ ಬ್ರಾಂಕ್ಸ್ ಪ್ರದೇಶದ ತೋಟಗಳಲ್ಲಿ ಬೇರೆಯೇ ಒಂದು ಬಗೆಯನ್ನು ಕಾಣಬಹುದು. ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪದಿಂದ ಕೆಲಸ ಹುಡುಕಿಕೊಂಡು ಬಂದವರು ಇಲ್ಲಿ ಹೆಚ್ಚು. ಅವರು ತಮ್ಮ ತೋಟಗಳಲ್ಲಿ ‘ಕಸಿತಾ’ ಎಂಬ ಪುಟ್ಟ ಮರದ ಮನೆಯನ್ನು ಕಟ್ಟಿಕೊಳ್ಳುತ್ತಾರೆ. ಕಸಿತಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಚಿಕ್ಕ ಮನೆ. ತವರೂರಿನ ಹಳ್ಳಿಮನೆಯಂತೆ ಮುಂದೆ ಜಗಲಿ, ಗೋಡೆಗೆ ಗಾಢವಾದ ಬಣ್ಣ, ಸುತ್ತ ಗುಡಿಸಿದ ಅಂಗಳ. ಇವುಗಳಲ್ಲಿ ಹೆಸರಾದದ್ದು 1970ರ ದಶಕದ ಕೊನೆಯಲ್ಲಿ ಹೋಸೆ ‘ಚೇಮಾ’ ಸೋಟೊ ಎಂಬವರು ನೆರೆಯವರೊಡನೆ ಕೂಡಿ ಕಟ್ಟಿದ ‘ರಿಂಕೋನ್ ಕ್ರಿಯೋಯೊ’. ಸುತ್ತಲಿನ ಕಟ್ಟಡಗಳು ಸುಟ್ಟು ಬೀಳುತ್ತಿದ್ದ ದಿನಗಳಲ್ಲಿ ಆ ಜಗಲಿಯ ಮೇಲೆ ಜನ ಕೂಡಿ ತಮ್ಮ ನಾಡಿನ ಬೊಂಬಾ ಮತ್ತು ಪ್ಲೇನಾ ಹಾಡುಗಳನ್ನು ಹಾಡಿದರು. ಮಕ್ಕಳಿಗೆ ವಾದ್ಯ ಕಲಿಸಿದರು. ವಸತಿ ಕಟ್ಟಡಗಳಿಗಾಗಿ ಮೊದಲಿನ ಜಾಗವನ್ನು ಬಿಟ್ಟುಕೊಡಬೇಕಾಗಿ ಬಂದಾಗ ಹತ್ತಿರದಲ್ಲೇ ಮತ್ತೊಂದು ಕಡೆ ಮನೆ ಕಟ್ಟಿ ತೋಟ ಹಾಕಿದರು.

ಪೋರ್ಟೊರಿಕೊದವರ ಹಬ್ಬದಡುಗೆ ಯಾವುದೆಂದು ತಿಳಿದರೆ ಕಲಬುರಗಿ ಕಡೆಯ ಓದುಗರಿಗೆ ಸಂತೋಷವಾದೀತು. ಅದು ಅಕ್ಕಿ ಮತ್ತು ತೊಗರಿಕಾಳು ಕೂಡಿಸಿ ಬೇಯಿಸಿದ ಅನ್ನ. ನಮ್ಮ ತೊಗರಿ ಕಡಲು ದಾಟಿ, ಇನ್ನೊಂದು ನಾಡಿನ ಜನರ ತವರಿನ ರುಚಿಯಾಗಿದೆ. ಬಿಟ್ಟು ಬಂದ ಊರನ್ನು ಮರಳಿ ಪಡೆಯಲಾಗುವುದಿಲ್ಲ. ಆದರೆ ಅದರ ಕೊತ್ತಂಬರಿ, ಮೆಣಸಿನಕಾಯಿ, ಮೆಕ್ಕೆಜೋಳವನ್ನು ನಾಲ್ಕಡಿ ಮಣ್ಣಿನಲ್ಲಿ ಬೆಳೆದು, ಕೂಡಿ ಉಂಡಾಗ ಪರಸ್ಥಳದ ನೋವು ಸ್ವಲ್ಪ ಹಗುರವಾಗುತ್ತದೆ.

ಕಳೆದುಕೊಂಡಾಗಿನ ಸಂಕಟ

ಈ ತೋಟಗಳು ಜನರ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿದ್ದವು ಎಂಬುದು ತಿಳಿದದ್ದು ಅವು ಕೈತಪ್ಪುವ ಕಾಲ ಬಂದಾಗ. ಪಾಳು ಓಣಿಗಳು ಚೆನ್ನಾದ ಮೇಲೆ ಆ ನೆಲಕ್ಕೆ ಬೆಲೆ ಬಂದಿತು. 1999ರ ಮೇ ತಿಂಗಳಲ್ಲಿ 114 ತೋಟಗಳನ್ನು ಹರಾಜು ಹಾಕಲು ನಗರಾಡಳಿತ ನಿರ್ಧರಿಸಿತು. ಜನ ಹೂವು ತರಕಾರಿಗಳ ವೇಷ ತೊಟ್ಟು ಬೀದಿಗಿಳಿದರು, ಅನೇಕರು ಬಂಧನಕ್ಕೊಳಗಾದರು. ಕಡೆಗೆ ಹರಾಜಿನ ಹೊತ್ತಿಗೆ ಸರಿಯಾಗಿ ‘ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್’ ಸಂಸ್ಥೆಯೂ, ನಟಿ ಬೆಟ್ ಮಿಡ್ಲರ್ ಸ್ಥಾಪಿಸಿದ್ದ ‘ನ್ಯೂಯಾರ್ಕ್ ರೆಸ್ಟೊರೇಶನ್ ಪ್ರಾಜೆಕ್ಟ್’ ಸಂಸ್ಥೆಯೂ ಸೇರಿ ಸುಮಾರು 42 ಲಕ್ಷ ಡಾಲರ್ ಕೊಟ್ಟು ಅವುಗಳನ್ನು ಉಳಿಸಿಕೊಂಡವು.

ಎಲ್ಲ ತೋಟಗಳಿಗೂ ಆ ಭಾಗ್ಯವಿರಲಿಲ್ಲ. ಪೂರ್ವ 7ನೆಯ ಬೀದಿಯಲ್ಲಿ 1978ರಿಂದ ಬೆಳೆದು ಬಂದಿದ್ದ ತೋಟದ ಹೆಸರು ‘ಎಸ್ಪೆರಾನ್ಸಾ’, ಎಂದರೆ ಭರವಸೆ. ಅದನ್ನು ಉಳಿಸಿಕೊಳ್ಳಲು ಜನ ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ಕಾವಲು ಕುಳಿತರು. 2000ದ ಫೆಬ್ರವರಿಯಲ್ಲಿ ಬುಲ್ಡೋಜರ್ ಬಂದು ತೋಟವನ್ನು ನೆಲಸಮ ಮಾಡಿತು. ನ್ಯಾಯಾಲಯದ ತಡೆಯಾಜ್ಞೆ ಅದೇ ದಿನ ಬಂದಿತಾದರೂ ಆ ವೇಳೆಗೆ ತೋಟ ಉಳಿದಿರಲಿಲ್ಲ. ಇಪ್ಪತ್ತೆರಡು ವರ್ಷ ಸಾಕಿದ ಗಿಡಗಳು ಮಣ್ಣುಪಾಲಾಗುವುದನ್ನು ನೋಡಿ ಅತ್ತವರನ್ನು ಯಾರೂ ಹಾಸ್ಯ ಮಾಡಲಾರರು. ಮರವನ್ನು ಕಳೆದುಕೊಂಡ ದುಃಖದ ಜೊತೆಗೆ, ದಿನವೂ ಕೂಡುತ್ತಿದ್ದ ನೆರೆಯವರು ಚದುರಿಹೋದ ದುಃಖವೂ ಅದರಲ್ಲಿತ್ತು. 2002ರಲ್ಲಿ ನಗರಾಡಳಿತಕ್ಕೂ ರಾಜ್ಯದ ಅಟಾರ್ನಿ ಜನರಲ್ ಅವರಿಗೂ ಒಪ್ಪಂದವಾಗಿ ನೂರಾರು ತೋಟಗಳಿಗೆ ರಕ್ಷಣೆ ದೊರೆಯಿತು.

ಪಂಡಿತರು ಅಳೆದು ನೋಡಿದ್ದು

ತೋಟದಿಂದ ಮನಸ್ಸು ಹಗುರವಾಗುತ್ತದೆ ಎಂಬುದು ಕೇವಲ ನಂಬಿಕೆಯೋ, ನಿಜವೋ ಎಂದು ಕೇಳುವವರಿದ್ದಾರೆ. ಕೇಳಬೇಕಾದದ್ದೇ. ಈ ಬಗ್ಗೆ ಕೆಲವು ಒಳ್ಳೆಯ ಅಧ್ಯಯನಗಳು ನಡೆದಿವೆ. ನೋಡುವುದರಿಂದ ಏನಾಗುತ್ತದೆ, ಮಣ್ಣು ಮುಟ್ಟುವುದರಿಂದ ಏನಾಗುತ್ತದೆ, ಕೂಡಿ ದುಡಿಯುವುದರಿಂದ ಏನಾಗುತ್ತದೆ ಎಂಬ ಮೂರು ಮೆಟ್ಟಿಲುಗಳಾಗಿ ಅವುಗಳನ್ನು ತಿಳಿಯಬಹುದು.

ಮೊದಲನೆಯದು ನ್ಯೂಯಾರ್ಕಿನಿಂದ ರೈಲಿನಲ್ಲಿ ಒಂದೂವರೆ ಗಂಟೆಯಷ್ಟು ದೂರದ ಫಿಲಡೆಲ್ಫಿಯಾದಲ್ಲಿ ನಡೆಯಿತು. ಯೂಜೀನಿಯಾ ಸೌತ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ಆ ನಗರದ 541 ಪಾಳು ನಿವೇಶನಗಳನ್ನು ಆರಿಸಿಕೊಂಡರು. ಕೆಲವು ಕಡೆ ಕಸ ತೆಗೆದು, ನೆಲ ಸಮಮಾಡಿ, ಹುಲ್ಲು ಬೆಳೆಸಿ, ಕೆಲವು ಮರ ನೆಟ್ಟು, ಗಿಡ್ಡನೆಯ ಮರದ ಬೇಲಿ ಹಾಕಿಸಿದರು. ಕೆಲವು ಕಡೆ ಕಸವನ್ನು ಮಾತ್ರ ತೆಗೆಸಿದರು. ಉಳಿದವನ್ನು ಇದ್ದಂತೆಯೇ ಬಿಟ್ಟರು. ಮೊದಲೊಮ್ಮೆ, ನಂತರ ಇನ್ನೊಮ್ಮೆ ಹತ್ತಿರದ 342 ನಿವಾಸಿಗಳನ್ನು ಮಾತನಾಡಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಸಿರು ಮಾಡಿದ ಕಡೆ ಖಿನ್ನತೆ ಕಾಡುತ್ತಿದೆ ಎನ್ನುವವರ ಪ್ರಮಾಣ, ಏನೂ ಮಾಡದ ಕಡೆಗೆ ಹೋಲಿಸಿದಾಗ, ಶೇಕಡಾ 41.5ರಷ್ಟು ಇಳಿದಿತ್ತು. ಕಡುಬಡವರ ಓಣಿಗಳಲ್ಲಿ ಈ ಇಳಿಕೆ ಶೇಕಡಾ 68.7ರಷ್ಟಿತ್ತು. ಕಸವನ್ನು ಮಾತ್ರ ತೆಗೆದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಹೊಲಸು ಹೋದರೆ ಸಾಲದು, ಅದರ ಜಾಗದಲ್ಲಿ ಚಿಗುರು ಬರಬೇಕು ಎಂದಾಯಿತು.

ಎರಡನೆಯದು ಹಾಲೆಂಡ್ ದೇಶದ್ದು. 2011ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 30 ಮಂದಿ ತೋಟಗಾರರಿಗೆ ಮೊದಲು ಮನಸ್ಸನ್ನು ದಣಿಸುವ ಒಂದು ಪರೀಕ್ಷೆ ಕೊಟ್ಟರು. ಬಳಿಕ ಅರ್ಧ ಗಂಟೆ ಕೆಲವರು ತಮ್ಮ ತೋಟದಲ್ಲಿ ಕೆಲಸ ಮಾಡಿದರು, ಕೆಲವರು ಒಳಗೆ ಕುಳಿತು ಓದಿದರು. ಒತ್ತಡವಾದಾಗ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಎಂಜಲಿನ ಮೂಲಕ ಅಳೆದು ನೋಡಿದಾಗ ಇಬ್ಬರಲ್ಲೂ ಅದು ಇಳಿದಿತ್ತು. ಮಣ್ಣಿನಲ್ಲಿ ಕೆಲಸ ಮಾಡಿದವರಲ್ಲಿ ಹೆಚ್ಚು ಇಳಿದಿತ್ತು. ಕದಡಿದ ಮನಸ್ಸು ಪೂರ್ತಿ ತಿಳಿಯಾದದ್ದೂ ತೋಟದಲ್ಲಿದ್ದವರಿಗೇ.

ಮೂರನೆಯದು ಅಮೆರಿಕದ ಡೆನ್ವರ್ ನಗರದ್ದು. ಅಲ್ಲಿನ ಸಮುದಾಯ ತೋಟಗಳಲ್ಲಿ ಒಂದು ಮಡಿ ಬೇಕೆಂದು ಹೆಸರು ಬರೆಸಿದ್ದ 291 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಡಿ, ಬೀಜ, ಸಸಿ, ಆರಂಭದ ತರಬೇತಿ ಕೊಟ್ಟರು. ಇನ್ನೊಂದು ಗುಂಪಿನವರಿಗೆ ಮುಂದಿನ ವರ್ಷದವರೆಗೆ ಕಾಯಲು ಹೇಳಿದರು. ಜಿಲ್ ಲಿಟ್ ಅವರ ಮುಂದಾಳುತನದ ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ತೋಟಕ್ಕೆ ಬಂದವರು ನಾರಿನ ಅಂಶವಿರುವ ಆಹಾರವನ್ನು ಸ್ವಲ್ಪ ಹೆಚ್ಚು ಉಂಡರು, ಸ್ವಲ್ಪ ಹೆಚ್ಚು ಓಡಾಡಿದರು. ಅವರ ಒತ್ತಡ ಮತ್ತು ಆತಂಕ ತಗ್ಗಿದವು. ಆರಂಭದಲ್ಲಿ ಯಾರು ಹೆಚ್ಚು ಒತ್ತಡದಲ್ಲಿದ್ದರೋ ಅವರಿಗೇ ಹೆಚ್ಚು ಲಾಭವಾಯಿತು.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳುವುದು ಅಗತ್ಯ. ಖಿನ್ನತೆ ರೋಗವಾಗಿ ಬೆಳೆದಾಗ ಅದಕ್ಕೆ ವೈದ್ಯರ ಚಿಕಿತ್ಸೆಯೇ ಬೇಕು. ನಿದ್ರೆ, ಊಟ ಕೆಟ್ಟು, ಬದುಕೇ ಬೇಡವೆನಿಸಿದವರನ್ನು ತೋಟಕ್ಕೆ ಕಳುಹಿಸಿ ಸುಮ್ಮನಿರುವುದು ತರವಲ್ಲ. ತೋಟವು ಔಷಧದ ಜೊತೆಗೆ ನಿಲ್ಲಬಲ್ಲದು, ಔಷಧದ ಬದಲಿಗಲ್ಲ.

ನಮ್ಮ ಮನೆಗಳ ಮಾತು

ಇದೆಲ್ಲ ಪರದೇಶದವರ ವಿಚಾರ, ನಮಗೇಕೆ ಎನ್ನುವಂತಿಲ್ಲ. ಈ ದಿನ ನಮ್ಮ ಅನೇಕ ಕುಟುಂಬಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಹಿರಿಯರು ಮಗನ, ಮಗಳ ಮನೆಯೆಂದು ಆಸೆಯಿಂದ ಹೋಗಿ ಆರು ತಿಂಗಳು ಇರುತ್ತಾರೆ. ಮೊದಲ ತಿಂಗಳು ಸಂಭ್ರಮ. ನಂತರ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೊರಟರೆ ಸಂಜೆಯವರೆಗೆ ನಾಲ್ಕು ಗೋಡೆ. ಕಾರು ನಡೆಸಲು ಬಾರದು, ನೆರೆಯವರ ಮುಖ ಕಾಣದು. ಮಕ್ಕಳ ಮುಂದೆ ಹೇಳಿಕೊಂಡರೆ ನೊಂದುಕೊಂಡಾರು ಎಂದು ನುಂಗಿಕೊಂಡು ದಿನ ಎಣಿಸುವವರು ಎಷ್ಟೋ ಜನ. ಅಲ್ಲಿರುವ ನಮ್ಮ ಮಕ್ಕಳಲ್ಲಿ ಒಂದು ವಿನಂತಿ. ನಿಮ್ಮ ಊರಿನಲ್ಲಿ ಸಮುದಾಯ ತೋಟವಿದೆಯೇ ಎಂದು ವಿಚಾರಿಸಿರಿ. ತಂದೆ ತಾಯಿ ಏಪ್ರಿಲ್ ಮೇ ತಿಂಗಳಲ್ಲಿ ಬರುವಂತಿದ್ದರೆ ಮೊದಲೇ ಒಂದು ಮಡಿಗೆ ಹೆಸರು ಬರೆಸಿರಿ. ವಾರಕ್ಕೆ ಎರಡು ದಿನ ಅವರನ್ನು ಅಲ್ಲಿಗೆ ಬಿಟ್ಟು ಬನ್ನಿರಿ. ಹೊಲ ಕಂಡ ಕೈಗಳಿಗೆ ಇಂಗ್ಲಿಷ್ ಬಾರದಿದ್ದರೂ ಮಣ್ಣಿನ ಭಾಷೆ ಬಾರದೆ ಇರದು.

ಊರಿನಲ್ಲಿರುವ ನಮ್ಮ ಸ್ಥಿತಿಯೂ ಬಹಳ ಬೇರೆಯಾಗಿಲ್ಲ. ಹಿಂದೆ ಮನೆಗೊಂದು ಹಿತ್ತಲಿತ್ತು. ಹೀರೆಯ ಬಳ್ಳಿ ಪಕ್ಕದವರ ಗೋಡೆ ಹತ್ತಿ ಅಲ್ಲಿಯೂ ಕಾಯಿ ಬಿಡುತ್ತಿತ್ತು. ಕರಿಬೇವು ಕೇಳಲು ಬಂದವರು ಅರ್ಧ ತಾಸು ಕುಳಿತು ಕಷ್ಟಸುಖ ಹೇಳಿಕೊಂಡು ಹೋಗುತ್ತಿದ್ದರು. ಇಂದು ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗಳ ಅಪಾರ್ಟ್‌ಮೆಂಟುಗಳಲ್ಲಿ ಎದುರು ಮನೆಯವರ ಹೆಸರು ತಿಳಿಯದು. ಮಗನ ಮನೆಗೆಂದು ಊರು ಬಿಟ್ಟು ಬಂದ ಹಿರಿಯರು ಬಾಲ್ಕನಿಯ ಕುಂಡದಲ್ಲಿ ಒಂದು ತುಳಸಿ, ಒಂದು ದೊಡ್ಡಪತ್ರೆ ಬೆಳೆಸಿ ಅದರೊಡನೆ ಮಾತನಾಡುತ್ತಾರೆ. ಕುಂಡದ ಗಿಡವೂ ಒಳ್ಳೆಯದೇ. ಆದರೆ ಅದು ಮೊದಲ ಎರಡು ಮೆಟ್ಟಿಲುಗಳನ್ನಷ್ಟೇ ಹತ್ತಿಸುತ್ತದೆ. ನೆರೆಯವರನ್ನು ಕರೆತರುವ ಮೂರನೆಯ ಮೆಟ್ಟಿಲು ಕೂಡಿ ಮಾಡಿದ ತೋಟದಲ್ಲಿದೆ.

ಅಪಾರ್ಟ್‌ಮೆಂಟಿನ ತಾರಸಿ, ಶಾಲೆಯ ಹಿಂಭಾಗ, ಸಮುದಾಯ ಭವನದ ಪಕ್ಕದ ಖಾಲಿ ಜಾಗ, ಯಾವುದಾದರೂ ಆದೀತು. ತಾರಸಿಯಾದರೆ ಭಾರ ತಡೆಯುವುದೇ, ನೀರು ಇಂಗುವುದೇ ಎಂದು ಎಂಜಿನಿಯರರನ್ನು ಕೇಳಿಯೇ ಮಣ್ಣು ತುಂಬಬೇಕು. ಹತ್ತು ಮನೆಯವರು ಸೇರಿದರೆ ಸಾಕು. ಮೆಂತೆ, ಕೊತ್ತಂಬರಿ, ರಾಜಗಿರಿಗಳಂಥ ತಿಂಗಳೊಳಗೆ ಕೈಗೆ ಬರುವ ಸೊಪ್ಪಿನಿಂದ ಆರಂಭಿಸಿದರೆ ಉತ್ಸಾಹ ಕುಂದುವುದಿಲ್ಲ. ಅಡುಗೆಮನೆಯ ಸಿಪ್ಪೆ ಗೊಬ್ಬರವಾಗಲಿ. ನೀರಿನ ಸರದಿಯನ್ನು ಹಿರಿಯರ ಹೆಸರಿಗೆ ಬರೆಯಿರಿ, ಮಕ್ಕಳನ್ನು ಅವರ ಕೈಕೆಳಗೆ ಬಿಡಿರಿ. ಬೆಳೆದದ್ದನ್ನು ಲೆಕ್ಕ ಹಾಕದೆ ಹಂಚಿಕೊಳ್ಳಿರಿ. ದುಡಿಮೆಯನ್ನು ಕಾಯಕವೆಂದೂ ಹಂಚಿಕೆಯನ್ನು ದಾಸೋಹವೆಂದೂ ಕರೆದ ಹಿರಿಯರ ನಾಡಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಾಳುಬಿದ್ದ ಓಣಿಯಲ್ಲಿ, ಹಣವಿಲ್ಲದ ದಿನಗಳಲ್ಲಿ, ಪರಸ್ಪರ ಗುರುತಿಲ್ಲದ ಜನ ಕೂಡಿ ಕಸದ ರಾಶಿಯನ್ನು ತೋಟ ಮಾಡಿದರು. ಆ ತೋಟ ಅವರ ಮನಸ್ಸನ್ನು ಕಾಯ್ದಿತು. ನಮ್ಮಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಹಿಮ ಕರಗಲಿ ಎಂದು ಕಾಯಬೇಕಾಗಿಯೂ ಇಲ್ಲ. ಬರುವ ಮುಂಗಾರಿಗೆ ಮೊದಲು ನಿಮ್ಮ ಓಣಿಯ ಒಂದು ಖಾಲಿ ಜಾಗವನ್ನೂ ಒಂಟಿಯಾಗಿ ಕುಳಿತ ಒಬ್ಬ ಹಿರಿಯರನ್ನೂ ಗುರುತಿಸಿಡಿರಿ. ಉಳಿದದ್ದನ್ನು ಮಣ್ಣು ನೋಡಿಕೊಳ್ಳುತ್ತದೆ.